ಗೋಕಾಕದಿಂದ ಮ್ಯೂನಿಕ್‌ವರೆಗೆ: ರೈಫಲ್ ಹಿಡಿದು ಗಡಿ ದಾಟುವವರಿಗೆ ಸೂತ್ರಗಳು

ಹುಕ್ಕೇರಿಯಿಂದ ಉತ್ತರಕ್ಕೆ ಹೊರಟರೆ ಎರಡು ಗಂಟೆಯೊಳಗೆ ಕೊಲ್ಹಾಪುರ. 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್ ವಿಭಾಗದ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಆ ಊರಿನವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ಆ ಜಿಲ್ಲೆಯ ಒಂದು ಹಳ್ಳಿಯವರು. ದಕ್ಷಿಣಕ್ಕೆ ಬಂದರೆ ಹುಬ್ಬಳ್ಳಿ. ಅಲ್ಲಿಯ ಶ್ರೀಹರ್ಷ ದೇವರಡ್ಡಿ 2022ರಲ್ಲಿ ಫ್ರಾನ್ಸ್‌ನ ಶಾಟೊರೂದಲ್ಲಿ ನಡೆದ ಪ್ಯಾರಾ ಶೂಟಿಂಗ್ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದರು. ಇವೆರಡರ ನಡುವೆ ಇರುವವು ಗೋಕಾಕ, ಮೂಡಲಗಿ, ಹುಕ್ಕೇರಿ. ಕಾಲೇಜಿನ ಎನ್‌ಸಿಸಿಯಲ್ಲಿ ಮೊದಲ ಬಾರಿ .22 ರೈಫಲ್ ಭುಜಕ್ಕೆ ಇಟ್ಟುಕೊಂಡ ಇಲ್ಲಿನ ಹುಡುಗ ಹುಡುಗಿಯರಿಗೂ ಆ ದಾರಿ ತೆರೆದೇ ಇದೆ. ಗುರಿ ಕಲಿಸುವ ಕೋಚ್‌ಗಳು ಸಿಗುತ್ತಾರೆ. ಬಂದೂಕನ್ನು ಕಾನೂನುಬದ್ಧವಾಗಿ ಇನ್ನೊಂದು ದೇಶಕ್ಕೆ ಒಯ್ದು ತರುವುದನ್ನು ಹೇಳಿಕೊಡುವವರು ಕಡಿಮೆ. ಈ ಬರಹ ಅಂಥ ಮಕ್ಕಳಿಗೆ, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಿಗೆ.

1. ಪಂದ್ಯದ ದಿನದಿಂದ ಹಿಂದಕ್ಕೆ ಎಣಿಸಿ

ವಿಮಾನದ ಟಿಕೆಟ್ ಕೊನೆಯ ಕೆಲಸ. ಸ್ಪರ್ಧೆ ನಡೆಸುವ ದೇಶ ಬಂದೂಕಿನ ವಿವರ ಕೇಳುವ ಕೊನೆಯ ದಿನಾಂಕ ಪಂದ್ಯಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಅದಕ್ಕೂ ಮೊದಲು ಫೆಡರೇಷನ್‌ನ ಪತ್ರ ಬೇಕು, ಅದಕ್ಕೂ ಮೊದಲು ಲೈಸೆನ್ಸ್ ಸರಿಯಾಗಿರಬೇಕು. ಲೈಸೆನ್ಸ್ ನವೀಕರಣಕ್ಕೋ ತಿದ್ದುಪಡಿಗೋ ಬೆಳಗಾವಿಯ ಡಿಸಿ ಕಚೇರಿಗೆ ಅರ್ಜಿ ಹಾಕಿದರೆ ಪೊಲೀಸ್ ವರದಿ ಬಂದು ಕೆಲಸ ಮುಗಿಯಲು ತಿಂಗಳುಗಳೇ ಹಿಡಿಯಬಹುದು. ಆರು ತಿಂಗಳು ಮೊದಲೇ ಕಡತ ತೆರೆದವರು ನಿಶ್ಚಿಂತೆಯಿಂದ ಅಭ್ಯಾಸ ಮಾಡುತ್ತಾರೆ.

2. ಕೈಯಲ್ಲಿರುವುದು ಕಾನೂನಿನ ಪ್ರಕಾರ ಏನೆಂದು ತಿಳಿದುಕೊಳ್ಳಿ

10 ಮೀಟರ್ ಸ್ಪರ್ಧೆಯ ಏರ್ ರೈಫಲ್ ಮತ್ತು ಏರ್ ಪಿಸ್ತೂಲಿನಲ್ಲಿ ಬಳಸುವುದು 4.5 ಮಿ.ಮೀ. ಪೆಲೆಟ್. 2016ರ ಆಯುಧ ನಿಯಮಗಳ ಪ್ರಕಾರ .177 ಬೋರ್ ಮೀರದ, 20 ಜೂಲ್ ಶಕ್ತಿ ದಾಟದ ಏರ್ ಗನ್‌ಗೆ ಭಾರತದಲ್ಲಿ ಲೈಸೆನ್ಸ್ ಬೇಡ. ಇದನ್ನೇ ನಂಬಿ, 'ಇದೇನು ಬಂದೂಕಲ್ಲವಲ್ಲ' ಎಂದುಕೊಂಡು ಹೊರದೇಶಕ್ಕೆ ಹೊರಡುವವರಿದ್ದಾರೆ. ಅದು ಅಪಾಯ. ವಿಮಾನಯಾನ ಸಂಸ್ಥೆಗಳು ಏರ್ ರೈಫಲನ್ನೂ ಆಯುಧದ ಸಾಲಿಗೇ ಸೇರಿಸುತ್ತವೆ, ಮತ್ತು ದೇಶ ಬದಲಾದರೆ ಕಾನೂನೂ ಬದಲಾಗುತ್ತದೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಅದಾಗಿ ಎರಡು ವರ್ಷಕ್ಕೆ, 2016ರ ಡಿಸೆಂಬರ್ 31ರಿಂದ, ಸ್ಕಾಟ್ಲೆಂಡ್ ತನ್ನ ನೆಲದಲ್ಲಿ ಏರ್ ಗನ್‌ಗೂ ಪ್ರಮಾಣಪತ್ರ ಕಡ್ಡಾಯ ಮಾಡಿತು. ಹೊರಗಿನಿಂದ ಬರುವವರಿಗೂ ಈಗ ಅಲ್ಲಿ ಸಂದರ್ಶಕರ ಪರವಾನಗಿ ಬೇಕು. ಹೋದ ಸಲ ಹೋಗಿಬಂದವರ ಅನುಭವ ಈ ಸಲದ ಕಾನೂನಲ್ಲ.

3. ನಿಮ್ಮ ಮೊದಲ ಗಡಿ ಕೊಗನೊಳ್ಳಿ

ಹೊಸಬರಿಗೆ ಹೊಳೆಯದ ಮಾತು ಇದು. .22 ರೈಫಲ್, ಪಿಸ್ತೂಲ್, 12 ಬೋರ್ ಶಾಟ್‌ಗನ್ ಇವಕ್ಕೆಲ್ಲ ಲೈಸೆನ್ಸ್ ಬೇಕು, ಮತ್ತು ಪ್ರತಿ ಲೈಸೆನ್ಸ್‌ಗೂ ಒಂದು ವ್ಯಾಪ್ತಿ ಇರುತ್ತದೆ. 'ಕರ್ನಾಟಕ' ಎಂದಷ್ಟೇ ನಮೂದಾಗಿದ್ದರೆ, ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೋಗಿ ಮಹಾರಾಷ್ಟ್ರ ಗಡಿಯ ಕೊಗನೊಳ್ಳಿಯ ಟೋಲ್ ಹಿಂದೆ ಬಿದ್ದ ಕೂಡಲೇ ಆ ಲೈಸೆನ್ಸಿನ ರಕ್ಷಣೆ ಮುಗಿಯಿತು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ ಸುಮಾ ಶಿರೂರ್ ಅವರ ಲಕ್ಷ್ಯ ಶೂಟಿಂಗ್ ಕ್ಲಬ್ ಇರುವುದು ಪನ್ವೇಲ್‌ನಲ್ಲಿ. ಗಗನ್ ನಾರಂಗ್ ಅವರ ಗನ್ ಫಾರ್ ಗ್ಲೋರಿ ಶುರುವಾದದ್ದು ಪುಣೆಯಲ್ಲಿ. ಮುಂಬೈ ವಿಮಾನ ನಿಲ್ದಾಣಕ್ಕೂ ಅದೇ ರಸ್ತೆ. ನಮ್ಮ ಮೂರು ತಾಲ್ಲೂಕಿನ ಶೂಟರ್‌ಗೆ ಮಹಾರಾಷ್ಟ್ರ ತಪ್ಪದು. ಲೈಸೆನ್ಸ್ ಪಡೆಯುವಾಗಲೇ, ಕ್ರೀಡೆಯ ಕಾರಣ ತೋರಿಸಿ, ಅಖಿಲ ಭಾರತ ವ್ಯಾಪ್ತಿ ಕೇಳಿ ಬರೆಸಿಕೊಳ್ಳಿ.

2019ರ ತಿದ್ದುಪಡಿಯ ಬಳಿಕ ಸಾಮಾನ್ಯ ನಾಗರಿಕ ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡೇ. ಅಂತರರಾಷ್ಟ್ರೀಯ ಪದಕ ಗೆದ್ದವರಿಗೆ ಮತ್ತು ಖ್ಯಾತ ಶೂಟರ್‌ಗಳಿಗೆ 2020ರಲ್ಲಿ ಸರ್ಕಾರ ಹೆಚ್ಚಿನ ಅವಕಾಶ ಕೊಟ್ಟಿತು, ಅಭ್ಯಾಸದ ಗುಂಡುಗಳ ಮಿತಿಯನ್ನೂ ಏರಿಸಿತು. ನೀವು ಯಾವ ವರ್ಗಕ್ಕೆ ಸೇರುತ್ತೀರಿ ಎಂಬುದು ರಾಷ್ಟ್ರೀಯ ಸ್ಪರ್ಧೆಯ ಅಂಕಗಳಿಂದ ತೀರ್ಮಾನವಾಗುತ್ತದೆ. ಆ ಅಂಕಪಟ್ಟಿಗಳನ್ನು ಶಾಲಾ ಸರ್ಟಿಫಿಕೇಟಿನಷ್ಟೇ ಜೋಪಾನವಾಗಿ ಇಡಿ.

4. ಚುನಾವಣೆ ಬಂದರೆ ಗಾಬರಿ ಬೇಡ, ಮೌನವೂ ಬೇಡ

ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇರುವ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಸೂಚನೆ ಬರುತ್ತದೆ. ಸ್ಪರ್ಧೆಗಳಲ್ಲಿ ಭಾಗವಹಿಸುವ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸದಸ್ಯರಿಗೆ ಚುನಾವಣಾ ಆಯೋಗದ ಸೂಚನೆಯಲ್ಲೇ ವಿನಾಯಿತಿ ಇದೆ. ಆದರೆ ಅದು ತಾನಾಗಿ ಬಾಗಿಲಿಗೆ ಬರುವುದಿಲ್ಲ. ಸದಸ್ಯತ್ವದ ಪ್ರತಿ, ಪಂದ್ಯದ ಆಹ್ವಾನ ಪತ್ರ ಜೋಡಿಸಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

5. ಒಂದೇ ನಂಬರು, ಒಂದೇ ಹೆಸರು, ಒಂದೇ ಊರು

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸೂತ್ರ ಇದು. ಬೇರೆ ದೇಶದ ಕಸ್ಟಮ್ಸ್ ಅಧಿಕಾರಿಗೆ ನಿಮ್ಮ ಪರಿಚಯವಿಲ್ಲ, ನಿಮ್ಮ ಪದಕ ಗೊತ್ತಿಲ್ಲ. ಆತ ನೋಡುವುದು ಬಂದೂಕಿನ ಲೋಹದ ಮೇಲೆ ಕೆತ್ತಿದ ಸೀರಿಯಲ್ ನಂಬರು, ಮತ್ತು ಕಾಗದದ ಮೇಲೆ ಇರುವ ಸೀರಿಯಲ್ ನಂಬರು. ಅದನ್ನು ಹಳೆಯ ಕಾಗದದಿಂದ ನಕಲು ಮಾಡಬೇಡಿ. ಟಾರ್ಚ್ ಹಿಡಿದು ಲೋಹದ ಮೇಲಿಂದಲೇ ಓದಿ. ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ, ಒಂದೋ 'ಐ' ಅಕ್ಷರವೋ, ಎಂಟೋ 'ಬಿ' ಅಕ್ಷರವೋ ಎಂದು ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆ ನೋಡಿ. ಒಂದು ಫೋಟೊ ತೆಗೆದಿಡಿ. ಲೈಸೆನ್ಸ್, ಫೆಡರೇಷನ್ ಪತ್ರ, ಆತಿಥೇಯ ದೇಶದ ಅರ್ಜಿ, ವಿಮಾನ ಸಂಸ್ಥೆಯ ನಮೂನೆ ಎಲ್ಲದರಲ್ಲೂ ಅದೇ ಅಕ್ಷರ, ಅದೇ ಅಂಕಿ, ಅದೇ ಕ್ರಮ ಇರಲಿ.

ಹೆಸರಿನ ಕಥೆಯೂ ಇಷ್ಟೇ. ನಮ್ಮ ಭಾಗದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಒಂದು ಕಾಗದದಲ್ಲಿ ಒಂದು ಕ್ರಮದಲ್ಲಿ, ಇನ್ನೊಂದರಲ್ಲಿ ಇನ್ನೊಂದು ಕ್ರಮದಲ್ಲಿ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಉಳಿದೆಲ್ಲವೂ ಆಗಬೇಕು.

ಊರಿನ ಹೆಸರು ಇನ್ನೂ ಸೂಕ್ಷ್ಮ. ಬೆಳಗಾವಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದ ಮೂಡಲಗಿ ಈಗ ತಾನೇ ಒಂದು ತಾಲ್ಲೂಕು. ಹೀಗಾಗಿ ಮೂಡಲಗಿಯ ಒಂದೇ ಮನೆಯ ವಿಳಾಸ ಹಳೆಯ ಲೈಸೆನ್ಸಿನಲ್ಲಿ 'ಗೋಕಾಕ ತಾಲ್ಲೂಕು, ಬೆಳಗಾಂ', ಹೊಸ ಪಾಸ್‌ಪೋರ್ಟಿನಲ್ಲಿ 'ಮೂಡಲಗಿ ತಾಲ್ಲೂಕು, ಬೆಳಗಾವಿ' ಎಂದಿರಬಹುದು. ನಮಗೆ ಎರಡೂ ಒಂದೇ. ಫ್ರಾಂಕ್‌ಫರ್ಟಿನಲ್ಲಿ ಕೂತವರಿಗೆ ಅವು ಎರಡು ಊರು. ನವೀಕರಣದ ಸಮಯದಲ್ಲೇ ತಿದ್ದಿಸಿಕೊಳ್ಳಿ.

6. ಫೆಡರೇಷನ್ ಮೂಲಕ ಹೋಗಿ

ಭಾರತದ ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಿಂದ ಇದೆ. ಜಿಲ್ಲೆ, ರಾಜ್ಯ, ಮಾವಳಂಕರ್ ಸ್ಪರ್ಧೆ, ನ್ಯಾಷನಲ್ಸ್, ಟ್ರಯಲ್ಸ್ ಎಂಬ ಮೆಟ್ಟಿಲು ಹತ್ತಿ ತಂಡ ಸೇರಿದವರ ಬಂದೂಕಿನ ಪಟ್ಟಿಯನ್ನು ಆತಿಥೇಯ ಸಂಘಟಕರಿಗೆ ಕಳಿಸುವುದು ಅದೇ. ಸ್ವಂತ ಖರ್ಚಿನಲ್ಲಿ ಹೋಗುವವರೂ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಮೂಲಕವೇ ಬರೆಯುವುದು ಒಳ್ಳೆಯದು. 1959ರ ಆಯುಧ ಕಾಯ್ದೆಯ 10ನೇ ಕಲಂ ದೇಶದಿಂದ ಬಂದೂಕು ಹೊರಗೊಯ್ಯಲು, ಒಳತರಲು ಲೈಸೆನ್ಸ್ ಕೇಳುತ್ತದೆ. ಕಾನೂನುಬದ್ಧವಾಗಿ ಬಂದೂಕು ಹೊಂದಿರುವವರು ಸ್ವಂತ ಬಳಕೆಗೆ ಮಿತ ಪ್ರಮಾಣದಲ್ಲಿ ಒಯ್ಯಲು ಅದೇ ಕಲಂ ವಿನಾಯಿತಿಯನ್ನೂ ಕೊಡುತ್ತದೆ. ಆ ವಿನಾಯಿತಿಗೆ ಕೌಂಟರಿನಲ್ಲಿ ಬಲ ಬರುವುದು ಫೆಡರೇಷನ್ ಪತ್ರ ಜೊತೆಗಿದ್ದಾಗ.

7. ಆತಿಥೇಯ ದೇಶದ ಪರವಾನಗಿ ಮುದ್ರಿತ ರೂಪದಲ್ಲಿ ಕೈಯಲ್ಲಿರಲಿ

ಅಮೆರಿಕಕ್ಕೆ ಹೋಗುವವರು ಎಟಿಎಫ್ ಇಲಾಖೆಯ 6ಎನ್‌ಐಎ ಅರ್ಜಿಗೆ ಮುಂಚೆಯೇ ಒಪ್ಪಿಗೆ ಪಡೆಯಬೇಕು, ಜೊತೆಗೆ ಸ್ಪರ್ಧೆಯ ಆಹ್ವಾನ ಬೇಕು. ಬ್ರಿಟನ್ನಿನಲ್ಲಿ ಅಲ್ಲಿಯ ಪ್ರಾಯೋಜಕರು ನಿಮ್ಮ ಪರವಾಗಿ ಪೊಲೀಸರಿಗೆ ಅರ್ಜಿ ಹಾಕುತ್ತಾರೆ. ಕೆನಡಾ ಗಡಿಯಲ್ಲಿ ಘೋಷಣಾ ಪತ್ರ ತುಂಬಿಸಿ ಶುಲ್ಕ ಪಡೆಯುತ್ತದೆ. ಯುರೋಪಿಯನ್ ಬಂದೂಕು ಪಾಸ್ ಎಂಬುದು ಅಲ್ಲಿಯ ನಿವಾಸಿಗಳಿಗೆ ಮಾತ್ರ. ನಮ್ಮವರಿಗೆ ಆಯಾ ದೇಶದ ಅನುಮತಿಯೇ ಬೇಕು. ಮೊಬೈಲಿನಲ್ಲಿ ಇದೆ ಎಂದರೆ ಸಾಲದು. ಮೂರು ಪ್ರತಿ ಮುದ್ರಿಸಿ, ಒಂದು ಕೈಚೀಲದಲ್ಲಿ, ಒಂದು ಕೋಚ್ ಬಳಿ, ಒಂದು ಸೂಟ್‌ಕೇಸಿನಲ್ಲಿ.

8. ನಡುವೆ ಇಳಿಯುವ ನಿಲ್ದಾಣವೂ ಒಂದು ದೇಶ

ಬಂದೂಕು ವಿಮಾನದ ಹೊಟ್ಟೆಯಲ್ಲೇ ಇದ್ದರೂ ಸಿಂಗಪುರದಂಥ ಕಡೆ ಹಾದುಹೋಗಲು ಪ್ರತ್ಯೇಕ ಅನುಮತಿ ಬೇಕು. ಅಗ್ಗದ ಟಿಕೆಟ್ಟಿಗಾಗಿ ಎರಡು ಕಡೆ ಇಳಿಯುವ ದಾರಿ ಆರಿಸಬೇಡಿ.

9. ವೀಸಾ ಕೂಡ ಬಂದೂಕಿನ ಕಾಗದವೇ

2019ರಲ್ಲಿ ದೆಹಲಿ ವಿಶ್ವಕಪ್‌ಗೆ ಬರಬೇಕಿದ್ದ ಪಾಕಿಸ್ತಾನದ ಶೂಟರ್‌ಗಳಿಗೆ ವೀಸಾ ಸಿಗದೆ, ಆ ಸ್ಪರ್ಧೆಯ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಎರಡು ಒಲಿಂಪಿಕ್ ಸ್ಥಾನಗಳನ್ನೇ ಒಲಿಂಪಿಕ್ ಸಮಿತಿ ಹಿಂತೆಗೆದುಕೊಂಡಿತು. 2022ರಲ್ಲಿ ಶಾಟೊರೂಗೆ ಹೊರಟ ಪ್ಯಾರಾ ಶೂಟರ್ ಅವನಿ ಲೇಖರಾ, ಜೊತೆಗೆ ಬರಬೇಕಿದ್ದ ತಾಯಿ ಮತ್ತು ಕೋಚ್ ಅವರ ವೀಸಾಗಾಗಿ ಕೊನೆಯ ಗಳಿಗೆಯವರೆಗೂ ಪರದಾಡಿದರು. ಒಲಿಂಪಿಕ್ ಮಟ್ಟದವರ ಸ್ಥಿತಿಯೇ ಹಾಗಿರುವಾಗ ಉಳಿದವರು ಎಷ್ಟು ಮೊದಲೇ ಅರ್ಜಿ ಹಾಕಬೇಕೆಂದು ಯೋಚಿಸಿ.

10. ಐದು ಕಿಲೋದ ಲೆಕ್ಕ ಮನೆಯಲ್ಲೇ ಮಾಡಿ

ಅಂತರರಾಷ್ಟ್ರೀಯ ವಿಮಾನ ನಿಯಮದ ಪ್ರಕಾರ ಒಬ್ಬ ಪ್ರಯಾಣಿಕನಿಗೆ ಪೆಟ್ಟಿಗೆ ಸಮೇತ 5 ಕಿಲೋ ಗುಂಡು ಮಾತ್ರ. ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಗೆ ಸೇರಿಸುವಂತಿಲ್ಲ. .22 ರೈಫಲಿನವರಿಗೆ ಚಿಂತೆಯಿಲ್ಲ, ಈ ತೂಕದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಿಡಿಯುತ್ತವೆ. ಕಷ್ಟ ಶಾಟ್‌ಗನ್‌ನವರಿಗೆ. 24 ಗ್ರಾಂ ಚರೆಯ 25 ತೋಟಾಗಳ ಒಂದು ಪೆಟ್ಟಿಗೆ ಸುಮಾರು ಒಂದು ಕಿಲೋ ತೂಗುತ್ತದೆ, ಅಂದರೆ 5 ಕಿಲೋಗೆ ಸುಮಾರು 125 ತೋಟಾ. ಟ್ರ್ಯಾಪ್ ಅರ್ಹತಾ ಸುತ್ತಿನಲ್ಲೇ 125 ಗುರಿಗಳಿವೆ, ಒಂದೊಂದಕ್ಕೂ ಎರಡು ಗುಂಡು ಹಾರಿಸಬಹುದು. ಅಭ್ಯಾಸಕ್ಕೆ ಒಂದೂ ಉಳಿಯದು. ಸಂಘಟಕರಿಂದಲೇ ಅಲ್ಲಿ ಕೊಳ್ಳಲು ಮೊದಲೇ ಹೇಳಿಡಿ, ಮತ್ತು ಅಲ್ಲಿ ಸಿಗುವ ಬ್ರ್ಯಾಂಡಿನಲ್ಲೇ ಇಲ್ಲಿ ಕೆಲವು ವಾರ ಅಭ್ಯಾಸ ಮಾಡಿ.

11. ಸಿಲಿಂಡರ್ ಖಾಲಿ, ಪೆಟ್ಟಿಗೆಗೆ ಬೀಗ

ಏರ್ ರೈಫಲಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಹೊರಡುವ ಹಿಂದಿನ ರಾತ್ರಿ ಪೂರ್ತಿ ಖಾಲಿ ಮಾಡಿ, ಬಂದೂಕಿನಿಂದ ಬಿಚ್ಚಿ, ಖಾಲಿ ಎಂದು ಕಣ್ಣಿಗೆ ಕಾಣುವಂತೆ ಇಡಿ. ಅದರ ಮೇಲೆ ಮುದ್ರಿತ ತಯಾರಿಕೆಯ ದಿನಾಂಕವನ್ನೂ ಓದಿ. ಹತ್ತು ವರ್ಷ ಮೀರಿದ ಸಿಲಿಂಡರನ್ನು ಪಂದ್ಯದಲ್ಲಿ ಬಳಸುವಂತಿಲ್ಲ. ಗುಂಡು ಬೇರೆ ಪೆಟ್ಟಿಗೆಯಲ್ಲಿ, ಬೋಲ್ಟ್ ಬಿಚ್ಚಿ, ಗಟ್ಟಿ ಕವಚದ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿ.

12. ಬಿಡಿಭಾಗಗಳೂ ಪಟ್ಟಿಯಲ್ಲಿರಲಿ

ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ರಿಪೇರಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿ, ಎರಡೇ ಅಂಕದಿಂದ ಫೈನಲ್ ತಪ್ಪಿತು. ಬದಲಿ ಪಿಸ್ತೂಲು, ಟ್ರಿಗರ್, ಲಿವರ್ ಒಯ್ಯುವುದಾದರೆ ಅವುಗಳ ಹೆಸರೂ ನಂಬರೂ ಪರವಾನಗಿ ಅರ್ಜಿಯಲ್ಲೇ ಇರಬೇಕು.

13. ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆ ಮೊದಲು

ಬೆಳಗಾವಿಯ ಸಾಂಬ್ರಾದಿಂದ ಬೆಂಗಳೂರಿಗೆ ಹಾರಿ ಅಲ್ಲಿಂದ ಮುಂದೆ ಹೋಗುವವರು ಎರಡೂ ವಿಮಾನಗಳಿಗೆ ಬೇರೆ ಬೇರೆಯಾಗಿ ಬಂದೂಕಿನ ಮಾಹಿತಿ ಕೊಟ್ಟು ಇ-ಮೇಲ್ ಒಪ್ಪಿಗೆ ಪಡೆಯಿರಿ. ಶುಲ್ಕ ಎಷ್ಟೆಂದು ಅದರಲ್ಲೇ ಬರೆಸಿ. 2021ರ ಫೆಬ್ರುವರಿಯಲ್ಲಿ ದೆಹಲಿಯಿಂದ ಭೋಪಾಲಕ್ಕೆ ಹೊರಟ ಮನು ಭಾಕರ್ ಅವರನ್ನು, ಕಾಗದಗಳಿದ್ದರೂ, ಪಿಸ್ತೂಲಿನ ಶುಲ್ಕದ ವಿಚಾರಕ್ಕೆ ತಡೆಯಲಾಯಿತು. ಅಂದಿನ ಕ್ರೀಡಾ ಸಚಿವ ಕಿರಣ್ ರಿಜಿಜು ನೆರವಿಗೆ ಬಂದ ಮೇಲೆ ಅವರು ವಿಮಾನ ಹತ್ತಿದರು. ನಮ್ಮ ತಾಲ್ಲೂಕಿನ ಹುಡುಗಿಗೆ ಸಚಿವರ ಫೋನ್ ಬರುವುದಿಲ್ಲ, ಆಕೆಯ ಕೈಯಲ್ಲಿ ಆ ಇ-ಮೇಲ್ ಇರಲಿ.

14. ಮರಳಿ ಬರುವ ದಾರಿಯ ಕಾಗದ ಹೊರಡುವಾಗಲೇ ಮಾಡಿಸಿ

2017ರ ಮೇ ತಿಂಗಳಲ್ಲಿ ಚೆಕ್ ಗಣರಾಜ್ಯದ ಪಿಲ್ಸೆನ್‌ನಿಂದ ಮರಳಿದ ಚೈನ್ ಸಿಂಗ್, ಗುರ್‌ಪ್ರೀತ್ ಸಿಂಗ್ ಮೊದಲಾದ ಭಾರತದ ಶೂಟರ್‌ಗಳು ದೆಹಲಿ ವಿಮಾನ ನಿಲ್ದಾಣದಲ್ಲಿ ಬಂದೂಕು ಬಿಡಿಸಿಕೊಳ್ಳಲು ಗಂಟೆಗಟ್ಟಲೆ ಕಾದರು. ಅಭಿನವ್ ಬಿಂದ್ರಾ ಬಹಿರಂಗವಾಗಿ ನೋವು ತೋಡಿಕೊಂಡರು. ಸ್ವಂತ ದೇಶದ ಬಾಗಿಲಲ್ಲೇ ಹೀಗೆ ನಿಲ್ಲಬಾರದೆಂದರೆ ಹೊರಡುವ ದಿನವೇ ಕಸ್ಟಮ್ಸ್ ಕೌಂಟರಿನಲ್ಲಿ ಬಂದೂಕು ತೋರಿಸಿ, ಸೀರಿಯಲ್ ನಂಬರು ಬರೆದ ರಫ್ತು ಪ್ರಮಾಣಪತ್ರ ಪಡೆಯಿರಿ. ಆ ಬಂದೂಕು ಇಲ್ಲಿಂದಲೇ ಹೋದದ್ದು ಎಂಬುದಕ್ಕೆ ಅದೇ ಸಾಕ್ಷಿ. ಉಳಿದ ಗುಂಡುಗಳನ್ನು ಎಣಿಸಿ, ಒಯ್ದದ್ದು, ಅಲ್ಲಿ ಕೊಂಡದ್ದು, ಹಾರಿಸಿದ್ದು, ಮರಳಿ ತಂದದ್ದು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅಲ್ಲಿ ಕೊಂಡ ತೋಟಾ ಉಳಿದರೆ ಸಂಘಟಕರಿಗೇ ಒಪ್ಪಿಸಿ ರಸೀದಿ ತನ್ನಿ. ಆ ಹಾಳೆ, ಆ ರಸೀದಿ, ರಫ್ತು ಪ್ರಮಾಣಪತ್ರ ಮೂರನ್ನೂ ಒಂದೇ ಕಡತದಲ್ಲಿಟ್ಟು, ಊರಿಗೆ ಬಂದ ವಾರದಲ್ಲೇ ಒಂದು ಪ್ರತಿ ಜಿಲ್ಲಾ ರೈಫಲ್ ಸಂಸ್ಥೆಗೆ ಕೊಡಿ. ಮುಂದಿನ ಸಲ ಹೊರಡುವ ಬೇರೊಬ್ಬ ಹುಡುಗ ಅದನ್ನು ನೋಡಿಯೇ ತನ್ನ ಅರ್ಜಿ ತುಂಬಬಹುದು.