ಮರೆಯಾಗುವ ದೋಷಕ್ಕೆ ತೆತ್ತ ಬೆಲೆ

ನಮ್ಮ ಮನೆಯ ಮಾರುತಿ 800 ಕಾರು 1996ರ ಮಾದರಿಯದು. ಕಾರ್ಬೊರೇಟರೂ ಡಿಸ್ಟ್ರಿಬ್ಯೂಟರೂ ಉಳ್ಳ, ಮೂರೇ ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ಎಂಜಿನು ಬಹುಕಾಲ ನಿಷ್ಠೆಯಿಂದ ದುಡಿದು, ಒಂದು ಮಳೆಗಾಲದಲ್ಲಿ, ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೊರಟಾಗ, ಮೈಲಿಯೆರಡು ಮೈಲಿ ತಡವರಿಸಿ, ಅನಂತರ ಏನೂ ನಡೆಯದಂತೆ ಓಡುವ ಅಭ್ಯಾಸವನ್ನು ಹಿಡಿಯಿತು. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಸದಾ ಇರುವ ರೋಗವನ್ನು ವೈದ್ಯನು ಕಂಡಾನು. ವೈದ್ಯನನ್ನು ಕಂಡೊಡನೆ ಅಡಗಿಕೊಳ್ಳುವ ರೋಗಕ್ಕೆ ಅವನು ಯಾವ ಮದ್ದನ್ನು ತಾನೆ ಅರೆದಾನು?

ಮೊದಲ ಗ್ಯಾರೇಜಿನಲ್ಲಿ ಮೂರು ಪ್ಲಗ್ಗುಗಳನ್ನು ಬದಲಿಸಿ 360 ರೂಪಾಯಿ ಪಡೆದರು. ಅಂದು ಹೊಳವಾಗಿತ್ತು, ಕಾರು ಸರಾಗವಾಗಿ ಓಡಿತು, ನಾನು ತೃಪ್ತನಾಗಿ ಮನೆಗೆ ಬಂದೆ. ವಾರದ ಮೇಲೆ ಮಳೆ ಹಿಡಿಯಿತು, ತಡವರಿಕೆಯೂ ಮರಳಿತು. ಕಾರ್ಬೊರೇಟರನ್ನು ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದ್ದಕ್ಕೆ 1,850, ಪೆಟ್ರೋಲ್ ಪಂಪಿಗೆ 1,200, ಇಗ್ನಿಷನ್ ಕಾಯಿಲಿಗೆ 1,400 — ಹೀಗೆ ಮೂರು ತಿಂಗಳಲ್ಲಿ ಒಟ್ಟು 4,810 ರೂಪಾಯಿ ಕೈಬಿಟ್ಟಿತು. ಕಾಗೆ ಕುಳಿತೊಡನೆ ತಾಳೆಯ ಹಣ್ಣು ಬಿದ್ದುದನ್ನು ಕಂಡು ಕಾಗೆಯೇ ಬೀಳಿಸಿತೆಂದು ನಂಬುವ ಕಾಕತಾಳೀಯವನ್ನು ಶಾಲೆಯಲ್ಲಿ ಓದಿದ್ದೆನಾದರೂ, ತಾನಾಗಿಯೇ ಬಂದು ತಾನಾಗಿಯೇ ಹೋಗುವ ದೋಷಕ್ಕೆ ಮಾಡಿದ ಪ್ರತಿಯೊಂದು ದುರಸ್ತಿಯೂ ಫಲಿಸಿದಂತೆಯೇ ತೋರುವುದೆಂಬುದೂ, ಆದುದರಿಂದ ಪ್ರತಿಯೊಂದು ಬಿಲ್ಲೂ ನ್ಯಾಯವಾಗಿಯೇ ಕಾಣುವುದೆಂಬುದೂ ನಾಲ್ಕು ಬಿಲ್ಲು ತೆತ್ತ ಮೇಲಷ್ಟೇ ನನಗೆ ಹೊಳೆಯಿತು.

ಕಡೆಗೆ ಕಂಡದ್ದು, ಹೆಂಚಿನ ಮಾಡಿನ ಕೆಳಗೆ ಒಬ್ಬರೇ ಕೆಲಸ ಮಾಡುವ ಒಬ್ಬ ವೃದ್ಧ ಮೇಸ್ತ್ರಿಯನ್ನು. ಅವರು ಬಾನೆಟ್ಟನ್ನು ಎತ್ತುವ ಮೊದಲು ಕೇಳಿದರು: “ಯಾವಾಗ ಬರ್ತದೆ ಸ್ವಾಮಿ? ಬಿಸಿಯಾದ ಮೇಲೋ, ತಂಪಿದ್ದಾಗಲೋ?” ಮಳೆಯ ಬೆಳಿಗ್ಗೆ ಮಾತ್ರ ಎಂದೆ. ಬಿಸಿಯಾದ ಮೇಲೆ ಬರುವುದಾದರೆ ಕಾಯಿಲನ್ನು ಮೊದಲು ಸಂಶಯಿಸಬೇಕು, ತೇವದಲ್ಲಿ ಬಂದು ಬಿಸಿಗೆ ಹೋಗುವುದಾದರೆ ಪ್ಲಗ್ ವಯರನ್ನೋ ಡಿಸ್ಟ್ರಿಬ್ಯೂಟರ್ ಕ್ಯಾಪನ್ನೋ ನೋಡಬೇಕು ಎಂದು ಹೇಳಿ, ಸಂಜೆ ಕತ್ತಲಾಗುವ ತನಕ ನನ್ನನ್ನು ಕೂರಿಸಿಕೊಂಡರು. ಅನಂತರ ದೀಪವಾರಿಸಿ, ಎಂಜಿನನ್ನು ಚಾಲೂ ಮಾಡಿ, ದೂರದಿಂದಲೇ ವಯರುಗಳ ಮೇಲೆ ತುಂತುರು ನೀರನ್ನು ಚಿಮುಕಿಸಿದರು. ಎಂಜಿನು ತಡವರಿಸಿತು, ಅದೇ ಕ್ಷಣದಲ್ಲಿ ನಡುವಣ ಸಿಲಿಂಡರಿನ ವಯರಿನಿಂದ ಪಕ್ಕದ ಲೋಹಕ್ಕೆ ಒಂದು ನೀಲಿಯ ಎಳೆ ಚಟಚಟನೆ ಜಿಗಿಯುವುದನ್ನು ಕಣ್ಣಾರೆ ಕಂಡೆ. ಬ್ಯಾಟರಿಯ 12 ವೋಲ್ಟು ಕಾಯಿಲಿನಲ್ಲಿ ಸಾವಿರಾರು ವೋಲ್ಟಾಗಿ ಏರಿ ಪ್ಲಗ್ಗಿಗೆ ಹೋಗಬೇಕಾದುದು, ಬಿರಿದ ರಬ್ಬರಿನ ಒದ್ದೆ ದಾರಿಯಲ್ಲಿ ಸೋರಿಹೋಗುತ್ತಿತ್ತು. ಹೊಸ ವಯರ್ ಸೆಟ್ಟಿಗೆ 620 ರೂಪಾಯಿ. ಅವರ ಕೂಲಿ 150. ನಾನು 300 ಕೊಟ್ಟು ಬಂದೆ. ಅದೂ ಕಡಿಮೆಯೆಂದೇ ಈಗ ಅನಿಸುತ್ತದೆ.

ಈಚಿನ ಕಾರುಗಳಿಗಾದರೆ ದೋಷದ ಸಂಕೇತವನ್ನು ಓದುವ ಸ್ಕ್ಯಾನರ್ ಉಂಟು. ಆದರೆ ಪಿ0302 ಎಂಬ ಸಂಕೇತವು ಎರಡನೆಯ ಸಿಲಿಂಡರ್ ತಪ್ಪುತ್ತಿದೆ ಎನ್ನುವುದೇ ಹೊರತು ಯಾವ ಭಾಗ ಕೆಟ್ಟಿದೆ ಎನ್ನದು. ಸಿಲಿಂಡರಿಗೊಂದರಂತೆ ಕಾಯಿಲಿರುವ ಕಾರಾದರೆ ಆ ಕಾಯಿಲನ್ನು ಮೂರನೆಯದರ ಜಾಗಕ್ಕೆ ಅದಲುಬದಲು ಮಾಡಿ ನೋಡಿದಾಗ ಸಂಕೇತವು ಪಿ0303 ಆದರೆ ಕಾಯಿಲೇ ಅಪರಾಧಿ. ಇದಕ್ಕೆ ಕಾಸೂ ಖರ್ಚಿಲ್ಲ. ಇನ್ನೊಂದು ಮಾತು: ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುವುದರಿಂದ, ಅಂಥ ಕಾರಿನಲ್ಲಿ ತಡವರಿಕೆಯನ್ನು ಸಹಿಸಿಕೊಂಡು ಓಡಿಸುವುದು ಉಳಿತಾಯವಲ್ಲ.

ಹಳೆಯ ಕಾರನ್ನು ಸಾಕುವವರು ಬಿಡಿಭಾಗಗಳಿಗಿಂತ ಮೊದಲು ಪರೀಕ್ಷೆಗೆ ಹಣವನ್ನು ಎತ್ತಿಡಲಿ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಲಿ. ದೋಷ ಯಾವ ಹವೆಯಲ್ಲಿ ಬಂದಿತೋ ಅದೇ ಹವೆಯಲ್ಲಿ ಓಡಿಸಿ ನೋಡುವ ತನಕ ವಾಸಿಯಾಯಿತೆಂದು ನಂಬದಿರಲಿ. ದಿನಾಂಕ, ಮಳೆ ಬಿಸಿಲು, ಎಂಜಿನಿನ ಬಿಸಿ, ಏರು ಇಳಿಜಾರು ಇವಿಷ್ಟನ್ನು ಗುರುತು ಹಾಕಿಕೊಳ್ಳಲು ನನ್ನ ಕಾರಿನಲ್ಲಿ ಈಗ ಒಂದು ಪುಸ್ತಕವಿದೆ. ಅದರ ಬೆಲೆ ಹತ್ತು ರೂಪಾಯಿ.