ಪಾದಯಾತ್ರೆಯ ಒಂದು ದಿನ: ತಡೆಯಬಾರದ ವೇಗಗಳು

ಮಾಘ ಮಾಸದ ಬಹುಳ ಪಕ್ಷದಲ್ಲಿ, ಮೂಲಾ ನಕ್ಷತ್ರದಂದು ಕೊಟ್ಟೂರಿನ ಶ್ರೀ ಗುರುಬಸವೇಶ್ವರ ಸ್ವಾಮಿಯ ರಥೋತ್ಸವ ನೆರವೇರುತ್ತದೆ. ಅದಕ್ಕಾಗಿ ರಾಣೆಬೆನ್ನೂರು, ಹರಿಹರ, ದಾವಣಗೆರೆ ಸೀಮೆಗಳ ಸದ್ಭಕ್ತರು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ನಮ್ಮ ರಾಣೆಬೆನ್ನೂರಿನಿಂದ ಹೊರಟವರು ಕುಮಾರಪಟ್ಟಣದ ಬಳಿ ತುಂಗಭದ್ರೆಯನ್ನು ದಾಟಿ, ಹರಿಹರ, ಹರಪನಹಳ್ಳಿಗಳ ಮೇಲೆ ಕೊಟ್ಟೂರು ಸೇರುವುದು ಒಂದು ದಾರಿ. ಆ ಹೊತ್ತಿಗೆ ಚಳಿ ಹಿಂಜರಿದು ಬಿಸಿಲು ಬಲಿಯತೊಡಗಿರುತ್ತದೆ. ವರ್ಷವಿಡೀ ಅಂಗಡಿ, ಕಚೇರಿಗಳಲ್ಲಿ ಕುಳಿತವರೂ ಆಗ ಒಮ್ಮೆಲೇ ದಿನವೆಲ್ಲ ನಡೆಯುತ್ತಾರೆ. ಯಾತ್ರೆ ಮುಗಿಸಿ ಚಿಕಿತ್ಸೆಗೆ ಬರುವವರನ್ನು ನೋಡುತ್ತ ಬಂದ ನಮಗೆ ತಿಳಿದಿರುವುದಿಷ್ಟು: ದೇಹ ಬಳಲುವುದು ನಡಿಗೆಗಿಂತ ಹೆಚ್ಚಾಗಿ, ಅದು ಕೇಳಿದ್ದನ್ನು ಕೊಡದೆ ನಡೆಸಿದ್ದರಿಂದ.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳನ್ನು ಹೇಳಲಾಗಿದೆ. ವೇಗವೆಂದರೆ ದೇಹವು ತಾನಾಗಿ ಕೊಡುವ ಸೂಚನೆ. ಅವುಗಳಲ್ಲಿ ನೀರಡಿಕೆ, ಹಸಿವು, ಮೂತ್ರ, ನಿದ್ರೆ ಹಾಗೂ ಶ್ರಮಶ್ವಾಸ, ಅಂದರೆ ದಣಿವಿನ ಏದುಸಿರು, ಈ ಐದು ಪಾದಯಾತ್ರಿಗೆ ಮುಖ್ಯ. ಯಾತ್ರೆಯ ಒಂದು ದಿನವನ್ನು ಇವುಗಳ ಬೆಳಕಿನಲ್ಲಿ ನೋಡೋಣ.

ಬೆಳಗಿನ ನಡಿಗೆ: ಸೂರ್ಯೋದಯಕ್ಕೆ ಮುನ್ನ ಎದ್ದು, ಶೌಚ ಮುಗಿಸಿ, ನೀರು ಕುಡಿದು, ಅಂಬಲಿ ಅಥವಾ ಗಂಜಿಯಂಥ ಹಗುರ ಆಹಾರ ಸೇವಿಸಿ ಹೊರಡಬೇಕು. ಹೆದ್ದಾರಿಯಲ್ಲಿ ಕತ್ತಲಿರುವಾಗ ಬಿಳಿಯ ಬಟ್ಟೆ, ಕೈಯಲ್ಲಿ ಬ್ಯಾಟರಿ ಇರಲಿ. ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಗೆ ಸಾಲಾಗಿ ನಡೆಯಬೇಕು. ವ್ಯಾಯಾಮವನ್ನು ಅರ್ಧಬಲದಷ್ಟೇ ಮಾಡಬೇಕೆಂಬುದು ವಾಗ್ಭಟಾಚಾರ್ಯರ ಮತ. ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು ಬಾಯಿ ಒಣಗತೊಡಗಿದರೆ ಅರ್ಧಬಲ ತೀರಿತೆಂದು ಅರ್ಥ. ಮಾತನಾಡಲು ಉಸಿರು ಸಾಲದಾದರೆ ನಿಲ್ಲಬೇಕು, ಕುಳಿತುಕೊಳ್ಳಬೇಕು. ಏದುಸಿರನ್ನು ಬಿಗಿಹಿಡಿದು ಮುಂದಿನವರನ್ನು ಹಿಂದಿಕ್ಕಲು ಹೋಗುವುದು ಶ್ರಮಶ್ವಾಸವನ್ನು ತಡೆದಂತೆಯೇ.

ದಿನಕ್ಕೆಷ್ಟು ದೂರ? ಇದಕ್ಕೆ ದೂರದ ದೇಶದ ಒಂದು ಉದಾಹರಣೆಯುಂಟು. 990ರಲ್ಲಿ ಇಂಗ್ಲೆಂಡಿನ ಧರ್ಮಗುರು ಸಿಗೆರಿಕ್ ರೋಮ್ ನಗರದಿಂದ ತನ್ನ ನಾಡಿಗೆ ಮರಳುವಾಗ ದಾರಿಯ 79 ತಂಗುದಾಣಗಳು ಬರಹದಲ್ಲಿ ದಾಖಲಾದವು. ಇಟಲಿಯ ಹೊಲ, ಗುಡ್ಡ, ಹಳ್ಳಿಗಳ ನಡುವೆ ಸಾಗುವ ಆ ಯಾತ್ರಾಮಾರ್ಗದಲ್ಲಿ ಇಂದಿಗೂ ಜನ ನಡೆಯುತ್ತಾರೆ. ಆ ಪಟ್ಟಿಯ ಒಂದು ತಂಗುದಾಣದಿಂದ ಇನ್ನೊಂದಕ್ಕೆ ಸರಾಸರಿ ಸುಮಾರು 20 ಕಿಲೋಮೀಟರ್. ಸಾವಿರ ವರ್ಷಗಳ ಹಿಂದಿನ ಈ ಅಳತೆ, ಅಭ್ಯಾಸವಿಲ್ಲದ ನಮ್ಮ ಭಕ್ತರಿಗೂ ಸಾಕು. ಒಂದು ದಿನ ಮುಂಚಿತವಾಗಿ ಹೊರಟರೆ ಅವಸರವೂ ಇಲ್ಲ.

ನಡುಹಗಲು: 11 ಗಂಟೆಯಿಂದ 4 ಗಂಟೆಯವರೆಗೆ ನೆರಳಿನಲ್ಲಿರುವುದು ಲೇಸು. ನೀರಡಿಕೆಯಾಗುವ ಮೊದಲೇ ಗುಟುಕು ಗುಟುಕಾಗಿ ನೀರು, ಉಪ್ಪು ಬೆರೆಸಿದ ತಿಳಿಮಜ್ಜಿಗೆ ಕುಡಿಯುತ್ತಿರಬೇಕು. ಬಹಳ ಬೆವರಿ ಸೋತವರಿಗೆ 1 ಲೀಟರ್ ಶುದ್ಧ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಕರಗಿಸಿ ಕೊಡಬಹುದು. ತಾಯಂದಿರಲ್ಲಿ ಹಲವರು ದಾರಿಯಲ್ಲಿ ಶೌಚಾಲಯವಿಲ್ಲವೆಂದು ನೀರನ್ನೇ ಕುಡಿಯುವುದಿಲ್ಲ. ಇದರಿಂದ ಎರಡು ವೇಗಗಳನ್ನು ಒಟ್ಟಿಗೆ ತಡೆದಂತಾಗಿ ಉರಿಮೂತ್ರ, ತಲೆಸುತ್ತು ಬರುತ್ತವೆ. ತಂಡದ ಹಿರಿಯರು ಊರೂರಿನ ಶಾಲೆ, ಮಠ, ಮನೆಗಳಲ್ಲಿ ಮೊದಲೇ ಕೇಳಿ ಈ ಅನುಕೂಲ ಕಲ್ಪಿಸಬೇಕು. ಅನ್ನದಾಸೋಹದಷ್ಟೇ ಇದೂ ದೊಡ್ಡ ಸೇವೆ.

ಬಿಸಿಲಿನಲ್ಲಿ ಯಾರಾದರೂ ತಡವರಿಸಿ ಮಾತನಾಡಿದರೆ, ದಿಕ್ಕು ತಪ್ಪಿದಂತೆ ವರ್ತಿಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಪ್ರಾಣಾಪಾಯದ ಸೂಚನೆ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಎದೆನೋವು ಬಂದರೂ ನಡಿಗೆ ಅಲ್ಲಿಗೇ ನಿಲ್ಲಬೇಕು.

ಆಹಾರ ಮತ್ತು ಔಷಧ: ಹಸಿವನ್ನು ತಡೆಯಬಾರದು, ಹಾಗೆಂದು ದಾರಿಯ ಪ್ರತಿ ದಾಸೋಹದಲ್ಲೂ ಹೊಟ್ಟೆ ಬಿರಿಯುವಂತೆ ಉಣ್ಣಲೂಬಾರದು. ಮಂಡಕ್ಕಿ ಒಳ್ಳೆಯದು, ಜೊತೆಯ ಮಿರ್ಚಿ ಬೇಡ. ವ್ರತವೆಂದು ರಕ್ತದೊತ್ತಡ, ಹೃದ್ರೋಗ, ಮಧುಮೇಹಗಳ ಔಷಧವನ್ನು ಎಂದಿಗೂ ನಿಲ್ಲಿಸಬೇಡಿ. ಹೊರಡುವ ಮುನ್ನವೇ ನಿಮ್ಮ ವೈದ್ಯರನ್ನು ಕಂಡು ಪ್ರಮಾಣ ಕೇಳಿಕೊಳ್ಳಿ. ಮಧುಮೇಹಿಗಳು ಕಿಸೆಯಲ್ಲಿ ಸಕ್ಕರೆ ಇಟ್ಟುಕೊಂಡಿರಲಿ. ನಡುಕ, ತಣ್ಣನೆಯ ಬೆವರು, ಕಣ್ಣುಕತ್ತಲೆ ಬಂದರೆ ತಡಮಾಡದೆ ಬಾಯಿಗೆ ಹಾಕಿಕೊಳ್ಳಲಿ.

ಪಾದ ಮತ್ತು ರಾತ್ರಿ: ಪಾದರಕ್ಷೆ ಧರಿಸುವುದು ಪಾದಗಳಿಗೂ ಕಣ್ಣಿಗೂ ಹಿತವೆಂದು ಚರಕರೇ ಹೇಳಿದ್ದಾರೆ. ಪಾದದ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳು ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದರೆ ಸುಟ್ಟ ಗಾಯ ಅವರಿಗೆ ತಿಳಿಯುವುದೇ ಇಲ್ಲ. ಅದು ಕೊನೆಗೆ ಕಾಲನ್ನೇ ಕಳೆಯಬಹುದು. ಅಂಥವರು ಬರಿಗಾಲಿನ ಹರಕೆಯನ್ನು ದೇವಾಲಯದ ಅಂಗಳದಲ್ಲಿ ಸಲ್ಲಿಸಲಿ. ರಾತ್ರಿ ಪಾದ ತೊಳೆದು, ಒರೆಸಿ, ಬೆರಳ ಸಂದುಗಳನ್ನೂ ಅಂಗಾಲನ್ನೂ ದೀಪದ ಬೆಳಕಿನಲ್ಲಿ ನೋಡಬೇಕು. ಬೊಕ್ಕೆಯನ್ನು ಒಡೆಯದೆ ಶುದ್ಧ ಬಟ್ಟೆ ಕಟ್ಟಬೇಕು. ಗಾಯವಿಲ್ಲದ ಪಾದಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿದರೆ ದಣಿವು ತಗ್ಗಿ ನಿದ್ರೆ ಬರುತ್ತದೆ. ಭಜನೆಯ ನಂತರ ಆರೇಳು ಗಂಟೆಯಾದರೂ ಮಲಗಬೇಕು.

ಚರಕಾಚಾರ್ಯರು ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳನ್ನೂ ಹೇಳಿದ್ದಾರೆ: ಲೋಭ, ಕ್ರೋಧ, ಈರ್ಷ್ಯೆ, ಮಾನ ಮುಂತಾದವು. ಮಾನವೆಂದರೆ ನಾನೆಂಬ ಹಮ್ಮು. ಎಲ್ಲರಿಗಿಂತ ಮೊದಲು ಮುಟ್ಟಿದೆ, ಎಲ್ಲಿಯೂ ಕೂರಲಿಲ್ಲ, ನೀರೂ ಮುಟ್ಟಲಿಲ್ಲ ಎನ್ನುವಾಗ ನಾವು ತಡೆಯಬೇಕಾದುದನ್ನು ಬಿಟ್ಟು, ಬಿಡಬೇಕಾದುದನ್ನು ತಡೆದಿರುತ್ತೇವೆ. ಬಳಲಿದವರು ದಾರಿಯ ಬದಿಯಲ್ಲಿ ಕುಳಿತರೆ, ಬಸ್ಸು ಹತ್ತಿ ಉಳಿದ ದೂರ ಕ್ರಮಿಸಿದರೆ ಅವರ ಭಕ್ತಿಗೆ ಕುಂದಿಲ್ಲ. ಜೊತೆಗಾರರು ಅವರನ್ನು ಹಂಗಿಸದಿರಲಿ. ಒಬ್ಬರಾದರೂ ಅವರೊಂದಿಗೆ ಉಳಿಯಲಿ.