ನೋವಿಗೆ ಮುನ್ನವೇ ಮದ್ದು
ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಮುಖ್ಯವಾದ ವಾಣಿಜ್ಯ ಬೆಳೆ. ರೈತನಿಗೆ ಹಣ ತರುವ ಈ ಎಲೆಯನ್ನು ಸೇದಿದರೂ ಅಗಿದರೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ. ಈ ರೋಗದ ಚಿಕಿತ್ಸೆಗಳಲ್ಲಿ ವಿಕಿರಣ ಚಿಕಿತ್ಸೆಯೂ ಒಂದು. ಅದು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6-7 ವಾರ ನಡೆಯುತ್ತದೆ.

ವಿಕಿರಣವು ದೇಹವನ್ನು ಹೊಗುವಾಗ ನೋವಾಗದು. ಆದರೆ ಎರಡು-ಮೂರನೆಯ ವಾರದ ಹೊತ್ತಿಗೆ ಬಾಯಿಯ ಒಳಪೊರೆ ಹುಣ್ಣಾಗಿ, ತುತ್ತು ನುಂಗುವುದೂ ಕಷ್ಟವಾಗುತ್ತದೆ. ನೋವು ತಾಳಲಾರದೆ ರೋಗಿಯು ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ; ಗುಣವಾಗುವ ಸಂಭವ ಕುಗ್ಗುತ್ತದೆ.

ಬರುವ ಕಾಲ ತಿಳಿದಿರುವ ನೋವಿಗೆ ಮುಂಚಿತವಾಗಿಯೇ ಸಿದ್ಧರಾಗಬಹುದು. ನೋವು ಕೆರಳುವವರೆಗೆ ಕಾಯದೆ, ಗಡಿಯಾರ ನೋಡಿ ನಿಗದಿತ ವೇಳೆಗೆ ಔಷಧಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಸೂಚಿಸಿತು. ವೈದ್ಯರು ಊಟಕ್ಕೆ ಮುಂಚೆ ನೋವುನಿವಾರಕ ಕೊಟ್ಟರೆ ನುಂಗುವುದು ಸುಲಭ. ಉಪ್ಪು, ಅಡುಗೆ ಸೋಡ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದೂ, ಖಾರ ಬಿಟ್ಟು ಆರಿದ ರಾಗಿ ಅಂಬಲಿ ಕುಡಿಯುವುದೂ ಹಿತಕರ. ರೋಗವು ಮೂಳೆಗೆ ಹರಡಿದವರಿಗೆ ಚಿಕಿತ್ಸೆಯ ಗಟ್ಟಿ ಹಲಗೆಯ ಮೇಲೆ ಮಲಗುವುದೇ ಯಾತನೆ. ಅವರಿಗೂ ಔಷಧಿ ಮೊದಲೇ ಸಲ್ಲಬೇಕು.

ತೀವ್ರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ರೋಗಿಗಳಿಗೆ ಅದು ಸುಲಭವಾಗಿ ದೊರೆಯಲೆಂದು 2014ರಲ್ಲಿ ಮಾದಕ ವಸ್ತುಗಳ ಕಾನೂನನ್ನು ತಿದ್ದಲಾಯಿತು. ವೈದ್ಯರ ನಿಗಾದಲ್ಲಿ ನೋವಿಗಾಗಿ ಸೇವಿಸಿದರೆ ಅದು ಚಟವಾಗುವುದು ವಿರಳ. ಮಲಬದ್ಧತೆಯಾಗುವುದುಂಟು, ಅದಕ್ಕೂ ಮದ್ದಿದೆ.

ನೋವನ್ನು ಮೌನವಾಗಿ ನುಂಗುವುದು ಧೈರ್ಯದ ಲಕ್ಷಣವೆಂದು ಅನೇಕರು ಭಾವಿಸುತ್ತಾರೆ. ಆದರೆ ಹೇಳದ ನೋವಿಗೆ ವೈದ್ಯನೂ ಮದ್ದು ಕೊಡಲಾರ. ನೋವನ್ನು ಹೇಳಿಕೊಂಡು, ಚಿಕಿತ್ಸೆಯನ್ನು ಕಡೆಯ ದಿನದವರೆಗೆ ಪೂರೈಸುವುದೇ ನಿಜವಾದ ಧೈರ್ಯ.